ಹೊಸ ಫೋನ್ ತಗೊಂಡ ಮೇಲೆ ಬಿಸಿಲಲ್ಲಿ ಸ್ಕ್ರೀನ್ ಕಾಣುತ್ತಿಲ್ಲ, ಹಳೆಯದೇ ಎಷ್ಟೋ ವಾಸಿ ಇತ್ತು

ಹೊಲದ ಬದು (ಮಾನ್ವಿ ಕಡೆಯಿಂದ)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಊರ ಕಡೆ ಬೆಳೆ ಸಮೀಕ್ಷೆ ಕೆಲಸ ಮಾಡುತ್ತೇನೆ. ಹೊಲಕ್ಕೆ ಹೋಗಬೇಕು, ಆ್ಯಪ್‌ನಲ್ಲಿ ಸರ್ವೆ ನಂಬರ್, ಹಿಸ್ಸಾ ನಂಬರ್ ನೋಡಿಕೊಳ್ಳಬೇಕು, ಹೊಲದ ಒಳಗೆ ನಿಂತು ಬೆಳೆಯ ಫೋಟೊ ಹೊಡೆಯಬೇಕು. ಎಲ್ಲವೂ ಫೋನಲ್ಲೇ. ನಾಲ್ಕು ವರ್ಷ ಒಂದೇ ಫೋನ್ ಬಳಸಿದೆ. ಎಲ್‌ಸಿಡಿ ಸ್ಕ್ರೀನಿನದು, ಹತ್ತು ಸಾವಿರದ ಒಳಗಿನದು. ಬ್ಯಾಟರಿ ಉಬ್ಬಿಕೊಂಡಿತು ಅಂತ ಹೋದ ತಿಂಗಳು ಅದೇ ಕಂಪನಿಯ ಹೊಸ ಮಾಡೆಲ್ ತಗೊಂಡೆ. 22 ಸಾವಿರ ಕೊಟ್ಟೆ. ಅಮೋಲೆಡ್ ಸ್ಕ್ರೀನ್. ಡಬ್ಬದ ಮೇಲೆ ಸಾವಿರಾರು ನಿಟ್ಸ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ.

ಮನೆಯೊಳಗೆ ನೋಡಿದರೆ ಬಣ್ಣ ಕಣ್ಣಿಗೆ ಹಬ್ಬ. ಹೊಲಕ್ಕೆ ಹೋದರೆ ಕನ್ನಡಿ ಹಿಡಿದ ಹಾಗೆ. ನನ್ನ ಮುಖ ಕಾಣುತ್ತದೆ, ಹಿಂದೆ ಆಕಾಶ ಕಾಣುತ್ತದೆ, ಸರ್ವೆ ನಂಬರ್ ಕಾಣಲ್ಲ. ಬ್ರೈಟ್‌ನೆಸ್ ಪಟ್ಟಿ ಪೂರ್ತಿ ಬಲಕ್ಕೆ ಎಳೆದಿದ್ದೇನೆ. ಆದರೂ ತಲೆ ಮೇಲಿನ ಟವೆಲ್ ಇಳಿಸಿ, ಅದರೊಳಗೆ ಮುಖ ಹುದುಗಿಸಿಕೊಂಡು ಓದುತ್ತಿದ್ದೇನೆ. ನಿನ್ನೆ 47ರ ಬದಲು 41 ಒತ್ತಿಬಿಟ್ಟೆ. ಎರಡು ಹೊಲ ದಾಟಿ ವಾಪಸ್ ನಡೆದು ಮತ್ತೆ ಫೋಟೊ ಹೊಡೆಯಬೇಕಾಯಿತು. ಏಪ್ರಿಲ್ ಬಿಸಿಲು ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಅಂಗಡಿಯವರನ್ನು ಕೇಳಿದರೆ "ಸ್ಕ್ರೀನ್ ಸರಿ ಇದೆ" ಅಂದರು. ಇದು ನನ್ನ ಫೋನಿನ ದೋಷವೋ, ಹೊಸ ಫೋನುಗಳೇ ಹೀಗೋ? ವಾಪಸ್ ಕೊಡುವ ದಿನಗಳು ಮುಗಿದಿವೆ.

ಕಾಫಿ ಕಣಿವೆ

ಆಟೊ ಬ್ರೈಟ್‌ನೆಸ್ ಆಫ್ ಮಾಡಿ ಅಣ್ಣ. ನಾನು ಯಾವ ಫೋನ್ ತಗೊಂಡರೂ ಮೊದಲು ಮಾಡುವ ಕೆಲಸ ಅದೇ. ತನಗೆ ಬೇಕಾದ ಹಾಗೆ ಏರಿಸೋದು, ಇಳಿಸೋದು, ಸುಮ್ನೆ ಕಿರಿಕಿರಿ.

ಹೊಲದ ಬದು

ಆಫ್ ಮಾಡೇ ಇದ್ದೇನೆ. ಹಳೆಯ ಫೋನಲ್ಲೂ ಹಾಗೇ ಇಟ್ಟುಕೊಂಡಿದ್ದೆ. ಅದರಲ್ಲಿ ಪೂರ್ತಿ ಏರಿಸಿದರೆ ಕಾಣುತ್ತಿತ್ತು, ಇದರಲ್ಲಿ ಕಾಣಲ್ಲ.

ಬೆಳಕಿನ ಲೆಕ್ಕ (ಬೆಂಗಳೂರು)

ಅಲ್ಲೇ ಇರೋದು ವಿಷಯ. ಈಗಲೇ ಆಟೊ ಬ್ರೈಟ್‌ನೆಸ್ ಆನ್ ಮಾಡಿ, ಹೊರಗೆ ಬಿಸಿಲಿಗೆ ಹೋಗಿ ಅರ್ಧ ನಿಮಿಷ ನಿಲ್ಲಿ. ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯಿರಿ. ಕಾರಣ ಸಂಜೆ ವಿವರವಾಗಿ ಹೇಳುತ್ತೇನೆ, ಈಗ ಕೆಲಸದಲ್ಲಿದ್ದೇನೆ.

ಎರಡು ಚಕ್ರ

ನನ್ನದೂ ಹೆಚ್ಚು ಕಡಿಮೆ ಇದೇ ಕಥೆ, ಆದರೆ ಬೇರೆ ರೀತಿ. ನಾನು ಬೆಂಗಳೂರಲ್ಲಿ ಡೆಲಿವರಿ ಮಾಡುತ್ತೇನೆ. ಫೋನು ಹ್ಯಾಂಡಲ್ ಮೇಲಿನ ಸ್ಟ್ಯಾಂಡಲ್ಲಿ. ಆಟೊ ಆನ್ ಇದೆ. ಬೆಳಿಗ್ಗೆ ಚೆನ್ನಾಗೇ ಕಾಣುತ್ತದೆ. ಮಧ್ಯಾಹ್ನ 1 ಗಂಟೆಗೆ ಹೊರಟರೆ ಹತ್ತು ನಿಮಿಷ ಸರಿ ಇರುತ್ತದೆ, ಆಮೇಲೆ ತಾನೇ ಮಂಕಾಗುತ್ತದೆ. ಪಟ್ಟಿ ಬಲತುದಿಯಲ್ಲೇ ಇರುತ್ತದೆ, ಸ್ಕ್ರೀನ್ ಮಾತ್ರ ಅರ್ಧ. ಮ್ಯಾಪ್‌ನಲ್ಲಿ ತಿರುವು ಕಾಣದೆ ಹೆಬ್ಬಾಳ ಫ್ಲೈಓವರ್ ಹತ್ತಬಾರದ ಕಡೆ ಹತ್ತಿದ್ದೇನೆ. ಹಳೆಯದರಲ್ಲಿ ಇದು ಆಗುತ್ತಲೇ ಇರಲಿಲ್ಲ.

ಹೊಲದ ಬದು

ಬೆಳಕಿನ ಲೆಕ್ಕ ಅವರೇ, ಆನ್ ಮಾಡಿ ಅಂಗಳಕ್ಕೆ ಹೋದೆ. ಮೊದಲು ಏನೂ ಆಗಲಿಲ್ಲ. ಒಂದೈದು ಸೆಕೆಂಡ್ ಆದ ಮೇಲೆ ಸ್ವಲ್ಪ ಏರಿತು. ಮೊದಲಿಗಿಂತ ಪರವಾಗಿಲ್ಲ, ಆದರೆ ಡಬ್ಬದ ಮೇಲೆ ಬರೆದಷ್ಟು ಬೆಳಕು ಖಂಡಿತ ಇಲ್ಲ. ನಮ್ಮ ತಮ್ಮನ ಫೋನ್ ಪಕ್ಕದಲ್ಲಿ ಹಿಡಿದೆ, ಅದು ಇನ್ನೂ ಜಾಸ್ತಿ ಬೆಳಗುತ್ತದೆ.

ಬೆಳಕಿನ ಲೆಕ್ಕ

ಫೋನ್ ಸ್ಕ್ರೀನ್‌ಗಳ ಪರೀಕ್ಷೆ ಮಾಡುವ ಕೆಲಸದಲ್ಲಿ ಕೆಲವು ವರ್ಷ ಇದ್ದೆ. ಈ ಪ್ರಶ್ನೆ ಎಷ್ಟು ಜನ ಕೇಳುತ್ತಾರೋ ಲೆಕ್ಕವಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಬಿಸಿಲು ಅಂದರೆ ಎಷ್ಟು ಅಂತ ನೋಡೋಣ. ಮನೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಬೆಳಕು 100–200 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇರುತ್ತದೆ. ಆಫೀಸಲ್ಲಿ 300–500. ನಡು ಮಧ್ಯಾಹ್ನದ ನೇರ ಬಿಸಿಲಲ್ಲಿ ಒಂದು ಲಕ್ಷ ಲಕ್ಸ್ ಆಸುಪಾಸು. ನೂರಲ್ಲ, ಸಾವಿರ ಅಲ್ಲ, ಲಕ್ಷ. ಫೋನಿನ ಗಾಜು ಅದರಲ್ಲಿ ನೂರಕ್ಕೆ ನಾಲ್ಕು ಪಾಲು ವಾಪಸ್ ನಿಮ್ಮ ಕಣ್ಣಿಗೇ ಕಳಿಸುತ್ತದೆ. ಆ ಪ್ರತಿಫಲನಕ್ಕಿಂತ ಸ್ಕ್ರೀನಿನ ಬೆಳಕು ಜಾಸ್ತಿ ಇದ್ದರೆ ಅಕ್ಷರ ಕಾಣುತ್ತದೆ, ಇಲ್ಲದಿದ್ದರೆ ಆಕಾಶ ಕಾಣುತ್ತದೆ. ಹೊಲದ ಬದು ಅವರು "ಕನ್ನಡಿ ಹಿಡಿದ ಹಾಗೆ" ಅಂದದ್ದು ಅಕ್ಷರಶಃ ನಿಜ.

ಈಗ ನಿಟ್ಸ್. ಸ್ಕ್ರೀನ್ ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ ಅದು. ಹಳೆಯ ಎಲ್‌ಸಿಡಿ ಫೋನುಗಳಲ್ಲಿ ಸಾಮಾನ್ಯವಾಗಿ 450–500 ನಿಟ್ಸ್ ಬರುತ್ತಿತ್ತು. ಇದ್ದಷ್ಟನ್ನೂ ನಿಮ್ಮ ಕೈಗೆ ಕೊಟ್ಟುಬಿಡುತ್ತಿದ್ದರು. ಪಟ್ಟಿ ಬಲತುದಿಗೆ ಎಳೆದರೆ ಮುಗಿಯಿತು, ಅದೇ ಗರಿಷ್ಠ.

ಹೊಸ ಓಲೆಡ್ ಫೋನುಗಳಲ್ಲಿ (ನಿಮ್ಮ ಅಮೋಲೆಡ್ ಅದರಲ್ಲೇ ಒಂದು ಬಗೆ) ಲೆಕ್ಕ ಬೇರೆ. ಕೈಯಿಂದ ಪಟ್ಟಿ ಎಳೆದರೆ ಒಂದು ಮಿತಿ. ಆಟೊ ಆನ್ ಇದ್ದು, ಸುತ್ತಲಿನ ಬೆಳಕು ಅಳೆಯುವ ಸೆನ್ಸರಿಗೆ ಬಿಸಿಲು ಬಿದ್ದಾಗ ಮಾತ್ರ ತೆರೆದುಕೊಳ್ಳುವ ಇನ್ನೊಂದು ಮಿತಿ. ಎರಡನೆಯದಕ್ಕೆ ಹೈ ಬ್ರೈಟ್‌ನೆಸ್ ಮೋಡ್ ಅನ್ನುತ್ತಾರೆ. ಕೈಯಿಂದ ಎಳೆದಾಗ 500–600 ಕೊಡುವ ಫೋನು ಬಿಸಿಲಲ್ಲಿ ಆಟೊ ಇದ್ದರೆ ಸಾವಿರ ದಾಟಬಹುದು. ಆಟೊ ಆಫ್ ಮಾಡಿದವರು ತಮ್ಮ ಫೋನಿನ ಅರ್ಧ ಬೆಳಕಿಗೆ ತಾವೇ ಬೀಗ ಹಾಕಿಕೊಂಡ ಹಾಗೆ. ಯಾಕೆ ಹೀಗೆ ಮಾಡಿದ್ದಾರೆ? ಅಷ್ಟು ಬೆಳಕಿನಲ್ಲಿ ದಿನವಿಡೀ ಇಟ್ಟರೆ ಓಲೆಡ್ ಪಿಕ್ಸೆಲ್‌ಗಳು (ಚಿತ್ರ ಮೂಡಿಸುವ ಸಣ್ಣ ಚುಕ್ಕೆಗಳು) ಬೇಗ ಸವೆಯುತ್ತವೆ, ಫೋನು ಕಾಯುತ್ತದೆ, ಬ್ಯಾಟರಿ ಕರಗುತ್ತದೆ. ಅದಕ್ಕೇ ಬೇಕಾದಾಗ ಮಾತ್ರ ಬಿಡುತ್ತಾರೆ. ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ ಆಟೊ ಆಫ್ ಮಾಡಿದಾಗ "ಎಕ್ಸ್‌ಟ್ರಾ ಬ್ರೈಟ್‌ನೆಸ್" ಅನ್ನುವ ಆಯ್ಕೆ ಕಾಣಿಸುತ್ತದೆ. ಅದು ಕೈಯ ಮಿತಿಯನ್ನು ಸ್ವಲ್ಪ ಏರಿಸುತ್ತದೆ. ಎಲ್ಲ ಫೋನುಗಳಲ್ಲಿ ಅದು ಇರುವುದಿಲ್ಲ.

ಇನ್ನು ಡಬ್ಬದ ಮೇಲಿನ ಅಂಕಿ. ಅದು ಬಹುಪಾಲು ಪೀಕ್ ಅಂಕಿ. ಸ್ಕ್ರೀನಿನ ಒಂದು ಸಣ್ಣ ಚೂರು ಮಾತ್ರ ಬೆಳ್ಳಗೆ ಉರಿಯುವಾಗ, ಸ್ವಲ್ಪ ಹೊತ್ತು ಮುಟ್ಟುವ ಮಟ್ಟ ಅದು. ಇಡೀ ಸ್ಕ್ರೀನ್ ಬೆಳ್ಳಗಿದ್ದರೆ ಅಷ್ಟು ಬರಲ್ಲ. ಒನ್‌ಪ್ಲಸ್ 12ರ ಜಾಹೀರಾತಲ್ಲಿ 4500 ನಿಟ್ಸ್ ಅಂತ ಇತ್ತು, ಆದರೆ ಅದರ ಹೈ ಬ್ರೈಟ್‌ನೆಸ್ ಮೋಡ್ 1600. ನಿಮಗೆ ಹೊಲದಲ್ಲಿ ಕೆಲಸಕ್ಕೆ ಬರೋದು ಆ ಎರಡನೆಯ ಅಂಕಿ. 2022ರಲ್ಲಿ ಬಂದ ಐಫೋನ್ 14 ಪ್ರೊಗೆ ಆ್ಯಪಲ್ ಮೂರು ಅಂಕಿ ಬೇರೆ ಬೇರೆಯಾಗಿ ಕೊಟ್ಟಿತ್ತು: ಸಾಮಾನ್ಯ ಬಳಕೆಗೆ 1000, ಎಚ್‌ಡಿಆರ್‌ಗೆ (ಬೆಳಕು-ಕತ್ತಲಿನ ಅಂತರ ಜಾಸ್ತಿ ತೋರಿಸುವ ವಿಡಿಯೊ, ಫೋಟೊಗೆ) 1600, ಹೊರಗೆ ಬಿಸಿಲಲ್ಲಿ 2000. ಎಲ್ಲರೂ ಹಾಗೆ ಬಿಡಿಸಿ ಬರೆಯಬೇಕು ಅಂತ ನನ್ನ ಆಸೆ. ಕೊಳ್ಳುವವರಿಗೆ ಅದು ಸಿಗಲೇಬೇಕಾದ ಮಾಹಿತಿ.

ಇನ್ನೊಂದು ಮಾತು. ನಿಟ್ಸ್ ಎರಡರಷ್ಟಾದರೆ ಕಣ್ಣಿಗೆ ಎರಡರಷ್ಟು ಕಾಣಲ್ಲ. ನಮ್ಮ ಕಣ್ಣು ಹಾಗೆ ಅಳೆಯಲ್ಲ. 500ರಿಂದ 1000ಕ್ಕೆ ಹೋದರೆ "ಹೂಂ, ಸ್ವಲ್ಪ ಜಾಸ್ತಿ ಆಯಿತು" ಅನಿಸುತ್ತದೆ ಅಷ್ಟೆ. ಹೊಲದ ಬದು ಅವರಿಗೆ ಅಂಗಳದಲ್ಲಿ ಆದದ್ದು ಅದೂ ಇರಬಹುದು. ಆದರೆ ತಮ್ಮನ ಫೋನು ಇನ್ನೂ ಜಾಸ್ತಿ ಬೆಳಗುತ್ತದೆ ಅಂದರೆ ಬೇರೇನೋ ಅಡ್ಡ ಇದೆ. ಸ್ಕ್ರೀನ್ ಗಾರ್ಡ್ ಯಾವುದು ಹಾಕಿದ್ದೀರಿ?

ಹೊಲದ ಬದು

ಗಾರ್ಡ್ ಅಂಗಡಿಯವರೇ ಹಾಕಿಕೊಟ್ಟರು. 150 ರೂಪಾಯಿ. ಅಂಚಿನಲ್ಲಿ ಕಪ್ಪು ಪಟ್ಟಿ ಇದೆ. ಪಕ್ಕದಿಂದ ನೋಡಿದರೆ ಬೇರೆಯವರಿಗೆ ಕಾಣಲ್ಲ ಅಂತ ಹೇಳಿದರು.

ಸ್ಕ್ರೂಡ್ರೈವರ್ (ಹುಬ್ಬಳ್ಳಿ)

ನಿಮ್ಮ ಕಳ್ಳ ಸಿಕ್ಕ. ರಿಪೇರಿ ಟೇಬಲ್ ಮೇಲೆ ದಿನಾ ನೋಡುವುದೇ ಇದು.

ಪಕ್ಕದಿಂದ ಕಾಣದ ಗಾರ್ಡ್ ಇದೆಯಲ್ಲ, ಅದರೊಳಗೆ ಸಣ್ಣ ಸಣ್ಣ ಪರದೆಗಳ ಸಾಲು ಇರುತ್ತದೆ, ಕಿಟಕಿಯ ಬ್ಲೈಂಡ್ಸ್ ಥರ. ಬದಿಗೆ ಹೋಗುವ ಬೆಳಕನ್ನು ತಡೆಯುತ್ತದೆ, ಜೊತೆಗೆ ನೇರ ಬರುವ ಬೆಳಕನ್ನೂ ಕಡಿಮೆ ಮಾಡುತ್ತದೆ. ಬಿಸಿಲಲ್ಲಿ ಕೆಲಸ ಮಾಡುವವರು ಅದನ್ನು ಹಾಕಿಸಲೇಬಾರದು. ಅಗ್ಗದ ಗಾರ್ಡಿಗೆ ಅಂಚಲ್ಲಿ ಮಾತ್ರ ಅಂಟು, ನಡುವೆ ಗಾಳಿ. ಗಾಜು, ಗಾಳಿ, ಮತ್ತೆ ಗಾಜು ಅಂದರೆ ಆಕಾಶ ಎರಡೆರಡು ಸಲ ಪ್ರತಿಫಲಿಸುತ್ತದೆ.

ಎರಡನೆಯದು ಇನ್ನೂ ಮುಖ್ಯ. ಹಳೆಯ ಫೋನಲ್ಲಿ ಸ್ಕ್ರೀನ್ ಮೇಲೆ ದಪ್ಪ ಅಂಚು ಇತ್ತು, ಬೆಳಕಿನ ಸೆನ್ಸರ್ ಅಲ್ಲೇ ಕೂತಿರುತ್ತಿತ್ತು. ಈಗ ಅಂಚೇ ಇಲ್ಲ. ಹಲವು ಓಲೆಡ್ ಫೋನುಗಳಲ್ಲಿ ಸೆನ್ಸರನ್ನು ಸ್ಕ್ರೀನ್ ಕೆಳಗೆ, ಮೇಲ್ತುದಿಯ ಹತ್ತಿರ ಇಟ್ಟಿರುತ್ತಾರೆ. ಪಿಕ್ಸೆಲ್‌ಗಳ ಸಂದಿನಿಂದ ತೂರಿ ಬರುವ ಬೆಳಕನ್ನೇ ಅದು ಅಳೆಯಬೇಕು. ಅದರ ಮೇಲೆ ಕಪ್ಪು ಪಟ್ಟಿ ಅಥವಾ ಪರದೆಯ ಗಾರ್ಡ್ ಬಿತ್ತು ಅಂದರೆ ಫೋನಿಗೆ ಮಧ್ಯಾಹ್ನವೂ ಸಂಜೆಯೇ.

ಪರೀಕ್ಷೆ ಮಾಡೋದು ಸುಲಭ. ಕತ್ತಲ ಕೋಣೆಗೆ ಹೋಗಿ. ಆಟೊ ಆನ್ ಇರಲಿ. ಮೇಲಿನ ಪಟ್ಟಿ ಇಳಿಸಿ ಬ್ರೈಟ್‌ನೆಸ್ ಪಟ್ಟಿ ಕಾಣುವ ಹಾಗೆ ಇಟ್ಟುಕೊಳ್ಳಿ. ಇನ್ನೊಂದು ಫೋನಿನ ಟಾರ್ಚ್ ಹಚ್ಚಿ ಸ್ಕ್ರೀನಿನ ಮೇಲ್ತುದಿಯಲ್ಲಿ ಎಡದಿಂದ ಬಲಕ್ಕೆ ನಿಧಾನ ಆಡಿಸಿ. ಒಂದು ಜಾಗದಲ್ಲಿ ಬೆಳಕು ದಿಢೀರ್ ಏರುತ್ತದೆ. ಸೆನ್ಸರ್ ಅಲ್ಲೇ ಇದೆ ಅಂತ ಅರ್ಥ. ಗಾರ್ಡ್ ಇದ್ದಾಗ ಎಷ್ಟು ಏರಿತು, ತೆಗೆದಾಗ ಎಷ್ಟು ಏರಿತು, ಹೋಲಿಸಿ. ಗಾರ್ಡ್ ತೆಗೆದರೂ ಏನೂ ಆಗದಿದ್ದರೆ ಸೆನ್ಸರಿನದೇ ದೋಷ. ಆಗ ವಾರಂಟಿ.

ಹೊಲದ ಬದು

ಅಯ್ಯೋ, ಇದು ಯಾರೂ ಹೇಳಿರಲಿಲ್ಲ. ಈಗಲೇ ತೆಗೆಯುತ್ತೇನೆ.

ಬೆಳಕಿನ ಲೆಕ್ಕ

ಎರಡು ಚಕ್ರ ಅವರಿಗೆ. ನಿಮ್ಮದು ಸೆನ್ಸರ್ ಅಲ್ಲ, ಬಿಸಿ. ಹತ್ತು ನಿಮಿಷ ಸರಿ ಇದ್ದು ಆಮೇಲೆ ಇಳಿಯುವುದು ಅದರದೇ ಗುರುತು. ಒಳಗಿನ ಉಷ್ಣಾಂಶ ಮಿತಿ ದಾಟಿದರೆ ಫೋನು ಸ್ಕ್ರೀನಿನ ಬೆಳಕನ್ನು ತಾನೇ ಇಳಿಸುತ್ತದೆ. ಐಫೋನ್ ಬಳಸಲು ಸುತ್ತಲಿನ ಗಾಳಿ 0ರಿಂದ 35 ಡಿಗ್ರಿ ಇರಬೇಕು ಅಂತ ಆ್ಯಪಲ್ ತಾನೇ ಬರೆದಿದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ದಾಟುತ್ತದೆ. ಬೆಂಗಳೂರಲ್ಲಿ ಗಾಳಿ 34 ಇದ್ದರೂ ಬಿಸಿಲಿಗೆ ಒಡ್ಡಿದ ಕಪ್ಪು ಗಾಜು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಅದರ ಮೇಲೆ ಜಿಪಿಎಸ್, ಮೊಬೈಲ್ ಡೇಟಾ, ಪೂರ್ತಿ ಬೆಳಕು, ಪವರ್‌ಬ್ಯಾಂಕಿನಿಂದ ಚಾರ್ಜಿಂಗ್. ಎಲ್ಲ ಒಟ್ಟಿಗೆ ಸೇರಿದರೆ ಯಾವ ಫೋನೂ ತಡೆಯಲ್ಲ. ನಿಮ್ಮ ಹಳೆಯ ಫೋನು ಅಷ್ಟು ಬೆಳಕು ಕೊಡುತ್ತಲೇ ಇರಲಿಲ್ಲ, ಅದಕ್ಕೇ ಇಳಿಸುವ ಪ್ರಸಂಗವೂ ಕಡಿಮೆ.

ಎರಡು ಚಕ್ರ

ಚಾರ್ಜಿಂಗ್ ಹಾಕಿಕೊಂಡೇ ಓಡಿಸುತ್ತೇನೆ, ಹೌದು. ಹಿಂದೆ ದಪ್ಪ ರಬ್ಬರ್ ಕವರೂ ಇದೆ. ಏನು ಮಾಡಲಿ? ಚಾರ್ಜ್ ಇಲ್ಲದೆ ಸಂಜೆವರೆಗೆ ಬರಲ್ಲ.

ಮರಳುಗಾಡಿನ ಕನ್ನಡಿಗ (ದೋಹಾ)

ಇಲ್ಲಿ ನಾವು ಮಾಡುವುದು ಹೇಳುತ್ತೇನೆ. ಬೆಳಿಗ್ಗೆ ಮನೆಯಲ್ಲೇ ಪೂರ್ತಿ ಚಾರ್ಜ್. ಮಧ್ಯಾಹ್ನ ಚಾರ್ಜ್ ಬೇಕಾದರೆ ನೆರಳಲ್ಲಿ ನಿಂತಾಗ ಮಾತ್ರ. ಸ್ಟ್ಯಾಂಡ್ ಮೇಲೆ ಸಣ್ಣ ಛಾವಣಿ ಥರದ ಹೊದಿಕೆ ಸಿಗುತ್ತದೆ, ಅದು ಬಿಸಿಯನ್ನೂ ತಡೆಯುತ್ತದೆ, ಪ್ರತಿಫಲನವನ್ನೂ ತಡೆಯುತ್ತದೆ. ದಾರಿ ಗೊತ್ತಿದ್ದರೆ ಸ್ಕ್ರೀನ್ ಆರಿಸಿ, ಕಿವಿಗೆ ಧ್ವನಿ ಸೂಚನೆ ಇಟ್ಟುಕೊಳ್ಳಿ. ಒಂದು ಮಾತ್ರ ಮಾಡಬೇಡಿ: ಕಾದ ಫೋನನ್ನು ಫ್ರಿಜ್‌ನಲ್ಲಿ ಇಡೋದು, ಎಸಿ ಗಾಳಿಗೆ ನೇರ ಹಿಡಿಯೋದು. ಒಳಗೆ ನೀರಿನ ಹನಿ ಕಟ್ಟುತ್ತದೆ. ನನ್ನ ಜೊತೆಗಾರನ ಫೋನು ಹಾಗೇ ಹೋಯಿತು. ನೆರಳಿನ ಗಾಳಿ ಸಾಕು.

ಸ್ಕ್ರೂಡ್ರೈವರ್

ತಂಪು ಕನ್ನಡಕ ಹಾಕುತ್ತೀರಾ? ಪೋಲರೈಸ್ಡ್ ಅಂತ ಬರೆದಿದ್ದರೆ ಒಮ್ಮೆ ತೆಗೆದು ನೋಡಿ. ಕೆಲವು ಫೋನುಗಳನ್ನು ಅಡ್ಡ ಹಿಡಿದರೆ ಆ ಕನ್ನಡಕದಲ್ಲಿ ಪೂರ್ತಿ ಕಪ್ಪಗೆ ಕಾಣುತ್ತವೆ. ಉದ್ದಕ್ಕೆ ತಿರುಗಿಸಿದರೆ ಸರಿ ಹೋಗುತ್ತದೆ.

ಎರಡು ಚಕ್ರ

ಕನ್ನಡಕ ಇಲ್ಲ, ಹೆಲ್ಮೆಟ್ ಗಾಜೇ. ಕವರ್ ತೆಗೆದು, ಚಾರ್ಜರ್ ತೆಗೆದು ನಾಳೆ ನೋಡುತ್ತೇನೆ.

ಟೀಚರಮ್ಮ (ತೀರ್ಥಹಳ್ಳಿ)

ನನ್ನ ಪ್ರಶ್ನೆ ಉಲ್ಟಾ. ನಮ್ಮಲ್ಲಿ ಬಿಸಿಲಿನ ತೊಂದರೆ ಇಲ್ಲ, ಮನೆಯೊಳಗೇ ಮಂಕು. ನನ್ನ ಅಪ್ಪನಿಗೆ ಹೊಸ ಫೋನ್ ಕೊಡಿಸಿದೆ. ನನ್ನ ಹಳೆಯ ಫೋನನ್ನೇ ಅವರು ಒಂದು ವರ್ಷ ಬಳಸುತ್ತಿದ್ದರು, ಅದರಿಂದ ಎಲ್ಲವನ್ನೂ ಹೊಸದಕ್ಕೆ ದಾಟಿಸಿದೆ. ಈಗ "ಇದರಲ್ಲಿ ಮೋಡ ಮುಸುಕಿದ ಹಾಗಿದೆ" ಅನ್ನುತ್ತಾರೆ. ಒಂದು ಕಣ್ಣಿಗೆ ಪೊರೆ ತೆಗೆಸಿದೆ, ಇನ್ನೊಂದು ಆಗಬೇಕು. ಕಣ್ಣಿನದೇ ಅಂದುಕೊಂಡು ಡಾಕ್ಟರ್ ಹತ್ತಿರ ಹೋಗಲು ಹೊರಟಿದ್ದೆವು. ನಾನು ನೋಡಿದರೆ ನನಗೂ ಮಂಕೇ.

ಗುಬ್ಬಚ್ಚಿ

ಟೀಚರಮ್ಮ, ಸೆಟ್ಟಿಂಗ್ಸ್‌ನಲ್ಲಿ "ಎಕ್ಸ್‌ಟ್ರಾ ಡಿಮ್" ಅಂತ ಹುಡುಕಿ. ಆಂಡ್ರಾಯ್ಡ್ 12ರಲ್ಲಿ, 2021ರಲ್ಲಿ ಬಂದ ಸೌಲಭ್ಯ. ರಾತ್ರಿ ಕಣ್ಣಿಗೆ ಚುಚ್ಚದಿರಲಿ ಅಂತ ಸ್ಕ್ರೀನಿನ ಬೆಳಕನ್ನು ಕನಿಷ್ಠಕ್ಕಿಂತಲೂ ಕೆಳಗೆ ಇಳಿಸುತ್ತದೆ. ನೀವು ಯಾವತ್ತೋ ಆನ್ ಮಾಡಿ ಮರೆತಿರಬಹುದು, ದಾಟಿಸುವಾಗ ಅದೂ ಜೊತೆಗೆ ಬಂದಿರಬಹುದು. ಐಫೋನ್ ಆದರೆ "ರೆಡ್ಯೂಸ್ ವೈಟ್ ಪಾಯಿಂಟ್" ನೋಡಿ. ಅದೂ ಹೀಗೇ, ಪಟ್ಟಿ ಪೂರ್ತಿ ಏರಿಸಿದರೂ ಬಿಳಿ ಬೂದಿಯಾಗೇ ಕಾಣುತ್ತದೆ.

ಅಂದ ಹಾಗೆ ಐಫೋನ್‌ಗೆ ಹೊಸದಾಗಿ ಬಂದವರಿಗೆ: ಆಟೊ ಬ್ರೈಟ್‌ನೆಸ್ ಸ್ವಿಚ್ ಡಿಸ್‌ಪ್ಲೇ ಪುಟದಲ್ಲಿ ಇರುವುದಿಲ್ಲ. ಆ್ಯಕ್ಸೆಸಿಬಿಲಿಟಿ ಒಳಗೆ, ಡಿಸ್‌ಪ್ಲೇ ಆ್ಯಂಡ್ ಟೆಕ್ಸ್ಟ್ ಸೈಜ್ ಒಳಗೆ, ಪುಟದ ಕೊನೆಯಲ್ಲಿದೆ. ನಾನು ಎರಡು ದಿನ ಹುಡುಕಿದ್ದೆ.

ಟೀಚರಮ್ಮ

ಸಿಕ್ಕಿತು! ಎಕ್ಸ್‌ಟ್ರಾ ಡಿಮ್ ಆನ್ ಇತ್ತು. ನಾನೇ ಹಿಂದೆ ರಾತ್ರಿ ಪೇಪರ್ ತಿದ್ದುವಾಗ ಹಾಕಿಕೊಂಡಿದ್ದೆ. ಆಫ್ ಮಾಡಿ ಅಪ್ಪನ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ, ವಾಟ್ಸ್‌ಆ್ಯಪ್ ತೆರೆದು ಮೊಮ್ಮಗಳ ಫೋಟೊ ದೊಡ್ಡದು ಮಾಡಿ ನೋಡುತ್ತಾ ಕೂತರು. ತುಂಬಾ ಥ್ಯಾಂಕ್ಸ್.

ರಾತ್ರಿಪಾಳಿ (ಮಂಗಳೂರು)

ಎಲ್ಲರೂ ಬೆಳಕು ಸಾಲದು ಅನ್ನುತ್ತಿದ್ದೀರಿ. ನನಗೆ ಕಡಿಮೆ ಬೆಳಕಲ್ಲೇ ತೊಂದರೆ. ನಾನು ನರ್ಸ್. ರಾತ್ರಿ ವಾರ್ಡಿನ ದೀಪ ಆರಿಸಿದ ಮೇಲೆ ಫೋನನ್ನು ಪೂರ್ತಿ ಕಡಿಮೆ ಬೆಳಕಿಗೆ ಇಟ್ಟು ನೋಡುತ್ತೇನೆ. ಹೊಸ ಫೋನ್ ಬಂದ ಮೇಲೆ ಅರ್ಧ ಗಂಟೆಗೆಲ್ಲ ಹಣೆ ಹಿಡಿಯುತ್ತದೆ, ಕಣ್ಣಿನ ಹಿಂದೆ ಎಳೆದ ಹಾಗೆ. ಹಳೆಯದರಲ್ಲಿ ಎರಡು ಗಂಟೆ ನೋಡಿದರೂ ಏನೂ ಆಗುತ್ತಿರಲಿಲ್ಲ. ಮನೆಯಲ್ಲಿ "ಫೋನ್ ಜಾಸ್ತಿ ನೋಡ್ತೀಯ" ಅನ್ನುತ್ತಾರೆ. ಮೊದಲಿಗಿಂತ ಜಾಸ್ತಿ ನೋಡುತ್ತಿಲ್ಲ.

ಬೆಳಕಿನ ಲೆಕ್ಕ

ನಿಮ್ಮ ಮಾತನ್ನು ನಂಬುತ್ತೇನೆ, ಮತ್ತು ಈ ವಿಷಯ ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ನಿಜವಾಗಿ ಬೇಸರದ ಸಂಗತಿ.

ಎಲ್‌ಸಿಡಿಯಲ್ಲಿ ಹಿಂದೆ ಒಂದು ದೀಪ ಇರುತ್ತದೆ. ಹಲವು ಫೋನುಗಳಲ್ಲಿ ಆ ದೀಪಕ್ಕೆ ಹೋಗುವ ಕರೆಂಟ್ ಇಳಿಸಿ ಬೆಳಕು ಇಳಿಸುತ್ತಾರೆ. ಓಲೆಡ್‌ನಲ್ಲಿ ಹಿಂದೆ ದೀಪ ಇಲ್ಲ, ಒಂದೊಂದು ಪಿಕ್ಸೆಲ್ಲೂ ತಾನೇ ದೀಪ. ತೀರಾ ಕಡಿಮೆ ಕರೆಂಟ್ ಕೊಟ್ಟರೆ ಬಣ್ಣ ಕೆಡುತ್ತದೆ, ಸ್ಕ್ರೀನ್ ಹಸಿರು ಹಸಿರಾಗುತ್ತದೆ. ಅದಕ್ಕೆ ಕರೆಂಟ್ ಇಳಿಸುವ ಬದಲು ಪಿಕ್ಸೆಲ್‌ಗಳನ್ನು ಬೇಗ ಬೇಗ ಆರಿಸಿ ಹಚ್ಚುತ್ತಾರೆ. ಹಚ್ಚಿದ ಹೊತ್ತು ಕಡಿಮೆ, ಆರಿಸಿದ ಹೊತ್ತು ಜಾಸ್ತಿ ಆದರೆ ಕಣ್ಣಿಗೆ ಮಂಕಾಗಿ ಕಾಣುತ್ತದೆ. ಇದಕ್ಕೆ ಪಿಡಬ್ಲ್ಯುಎಂ ಅನ್ನುತ್ತಾರೆ. ಬಹಳ ಫೋನುಗಳಲ್ಲಿ ಇದು ಸೆಕೆಂಡಿಗೆ 240 ಸಲ, ಕೆಲವಲ್ಲಿ 480 ಸಲ. ಮಿಣುಕು ಕಣ್ಣಿಗೆ ಕಾಣಲ್ಲ. ಆದರೆ ಕೆಲವರಿಗೆ ತಲೆನೋವು, ಕಣ್ಣು ಎಳೆತ ಬರುತ್ತದೆ. ಎಲ್ಲರಿಗೂ ಅಲ್ಲ. ಅದಕ್ಕೇ ಮನೆಯವರಿಗೆ ಅರ್ಥ ಆಗುವುದಿಲ್ಲ.

ಎಲ್‌ಇಡಿ ಬೆಳಕಿನ ಮಿಣುಕಿನ ಬಗ್ಗೆ ಐಇಇಇ ಅನ್ನುವ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ 2015ರಲ್ಲಿ 1789 ಅನ್ನುವ ಮಾರ್ಗಸೂಚಿ ತಂದಿತು. ಪೂರ್ತಿ ಆರಿ ಹತ್ತುವ ಬೆಳಕಾದರೆ ಸೆಕೆಂಡಿಗೆ 1250 ಸಲಕ್ಕಿಂತ ಮೇಲಿದ್ದರೆ ತೊಂದರೆಯ ಸಾಧ್ಯತೆ ಕಡಿಮೆ, 3000 ದಾಟಿದರೆ ಇನ್ನೂ ಸುರಕ್ಷಿತ ಅಂತ ಅದರ ಲೆಕ್ಕ. 240 ಅದಕ್ಕೆ ಎಷ್ಟು ದೂರ ಅಂತ ನೋಡಿ. ಈಗ ಕೆಲವು ಕಂಪನಿಗಳು ಇದನ್ನು ಏರಿಸಿವೆ. 2023ರಲ್ಲಿ ಬಂದ ಆನರ್ 90ರಲ್ಲಿ 3840 ಇದೆ.

ನೀವೇ ನೋಡಬೇಕಾದರೆ: ನಿಮ್ಮ ಫೋನನ್ನು ಪೂರ್ತಿ ಮಂಕು ಮಾಡಿ, ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ತೆರೆದು, ಶಟರ್ 1/2000ಕ್ಕೆ ಇಟ್ಟು ಸ್ಕ್ರೀನ್ ಕಡೆ ಹಿಡಿಯಿರಿ. ದಪ್ಪ ಕಪ್ಪು ಪಟ್ಟಿಗಳು ಕಂಡರೆ ಮಿಣುಕು ನಿಧಾನದ್ದು. ಸಣ್ಣ ಸಣ್ಣ ಗೆರೆ ಆದರೆ ಬೇಗದ್ದು.

ದಾರಿ ಏನು ಅಂದರೆ, ಬ್ರೈಟ್‌ನೆಸ್ ಪಟ್ಟಿಯನ್ನು ಅರ್ಧಕ್ಕಿಂತ ಮೇಲೆ ಇಡಿ, ಅದರ ಮೇಲೆ ಎಕ್ಸ್‌ಟ್ರಾ ಡಿಮ್ ಹಾಕಿ. ಟೀಚರಮ್ಮ ಅವರ ಮನೆಯಲ್ಲಿ ಕಾಟ ಕೊಟ್ಟದ್ದು ನಿಮಗೆ ಔಷಧ. ಅದು ಪಿಕ್ಸೆಲ್‌ಗಳನ್ನು ಮಿಣುಕಿಸುವುದಿಲ್ಲ, ಚಿತ್ರವನ್ನೇ ಕಪ್ಪು ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡಿಸಿ ಡಿಮ್ಮಿಂಗ್ ಅಥವಾ ಫ್ಲಿಕರ್ ಅನ್ನುವ ಪದ ಹುಡುಕಿ, ಇದ್ದರೆ ಆನ್ ಮಾಡಿ. ಎರಡು ವಾರಕ್ಕೂ ಕಡಿಮೆ ಆಗದಿದ್ದರೆ ಕಣ್ಣಿನ ಡಾಕ್ಟರನ್ನು ಒಮ್ಮೆ ಕಾಣಿ. ಎಲ್ಲ ತಲೆನೋವೂ ಫೋನಿನದ್ದೇ ಆಗಿರಬೇಕು ಅಂತಿಲ್ಲ.

ರಾತ್ರಿಪಾಳಿ

ನೋಡಿದೆ. ಬೆರಳು ದಪ್ಪದ ಕಪ್ಪು ಪಟ್ಟಿಗಳು ಹರಿಯುತ್ತಿವೆ. ಹಳೆಯ ಫೋನ್ ಹಿಡಿದರೆ ಏನೂ ಇಲ್ಲ, ತಿಳಿ ನೀರಿನ ಹಾಗಿದೆ. ಇಷ್ಟು ದಿನ ನನ್ನದೇ ಏನೋ ತಪ್ಪು ಅಂದುಕೊಂಡಿದ್ದೆ.

ಬಿಎಂ ರಸ್ತೆ

ಇವತ್ತು ಸಂಜೆ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಗೇಟ್ ಹತ್ತಿರ ಕ್ಯೂಆರ್ ಟಿಕೆಟ್ ಓದಲೇ ಇಲ್ಲ. ಹಿಂದೆ ಹತ್ತು ಜನ. ಕೊನೆಗೆ ಬ್ರೈಟ್‌ನೆಸ್ ಏರಿಸಿದ ಮೇಲೆ ಗೇಟ್ ತೆರೆಯಿತು. ಹಳೆಯ ಫೋನಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ಇದೂ ಇದೇನಾ?

ಗುಬ್ಬಚ್ಚಿ

ಟಿಕೆಟ್‌ನ ಸ್ಕ್ರೀನ್‌ಶಾಟ್ ತೋರಿಸಿದಿರಾ? ಕೆಲವು ಆ್ಯಪ್‌ಗಳು ಕ್ಯೂಆರ್ ತೆರೆದಾಗ ತಾವೇ ಬೆಳಕು ಏರಿಸುತ್ತವೆ, ಸ್ಕ್ರೀನ್‌ಶಾಟ್‌ಗೆ ಹಾಗಾಗಲ್ಲ. ಗೇಟಿಗೆ ಮುಂಚೆ ಒಮ್ಮೆ ಏರಿಸಿಕೊಳ್ಳಿ, ಅಷ್ಟೆ.

ಬಿಎಂ ರಸ್ತೆ

ಸ್ಕ್ರೀನ್‌ಶಾಟೇ. ಸರಿ.

ಕಾಫಿ ಕಣಿವೆ

ಮೊದಲು ನಾನು ಆಟೊ ಆಫ್ ಮಾಡಿ ಅಂದಿದ್ದೆ, ಆ ಮಾತು ವಾಪಸ್ ತಗೊಂಡೆ. ಆದರೆ ಒಂದು ಪ್ರಶ್ನೆ ಉಳಿದಿದೆ. ಆಟೊ ಇಟ್ಟರೆ ಮನೆಯೊಳಗೆ ನನಗೆ ಬೇಕಾದ ಬೆಳಕು ಇರಲ್ಲ. ಸಂಜೆ ವರಾಂಡದಲ್ಲಿ ಕೂತರೆ ತೀರಾ ಇಳಿಸಿಬಿಡುತ್ತದೆ. ಆ ಕಿರಿಕಿರಿಗೇ ನಾನು ಆಫ್ ಮಾಡುತ್ತಿದ್ದುದು.

ಬೆಳಕಿನ ಲೆಕ್ಕ

ಅದಕ್ಕೆ ಕಲಿಸಬೇಕು. 2018ರಲ್ಲಿ ಆಂಡ್ರಾಯ್ಡ್ 9ರ ಜೊತೆ ಅಡಾಪ್ಟಿವ್ ಬ್ರೈಟ್‌ನೆಸ್ ಅಂತ ಬಂತು, ಗೂಗಲ್‌ನವರು ತಮ್ಮದೇ ಎಐ ಸಂಸ್ಥೆ ಡೀಪ್‌ಮೈಂಡ್ ಜೊತೆ ಸೇರಿ ಮಾಡಿದ್ದು. ಯಾವ ಬೆಳಕಲ್ಲಿ ನೀವು ಪಟ್ಟಿಯನ್ನು ಎಲ್ಲಿಗೆ ಎಳೆಯುತ್ತೀರಿ ಅಂತ ಅದು ನೆನಪಿಟ್ಟುಕೊಳ್ಳುತ್ತದೆ. ಹೊಸ ಫೋನಿಗೆ ನಿಮ್ಮ ಕಣ್ಣು ಗೊತ್ತಿಲ್ಲ. ವರಾಂಡದಲ್ಲಿ ಇಳಿಸಿದಾಗ ಆಫ್ ಮಾಡಬೇಡಿ, ಆಟೊ ಆನ್ ಇರುವಾಗಲೇ ಕೈಯಿಂದ ಏರಿಸಿ. ಮಾರನೆಯ ದಿನವೂ ಹಾಗೇ. ಒಂದು ವಾರ ತಾಳ್ಮೆ ಬೇಕು. ಜನ ಎರಡನೆಯ ದಿನಕ್ಕೇ ಬೇಸತ್ತು ಆಫ್ ಮಾಡಿಬಿಡುತ್ತಾರೆ, ಕಲಿಯುವುದು ಅಲ್ಲೇ ನಿಲ್ಲುತ್ತದೆ.

ಇನ್ಸ್ಟಾಗ್ರಾಂನಲ್ಲಿ ಒಂದು ವಿಡಿಯೊ ಬಂದಾಗ ಮಾತ್ರ ಕಣ್ಣು ಕುಕ್ಕುವ ಹಾಗೆ ಬೆಳಗುತ್ತದೆ ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅದು ಎಚ್‌ಡಿಆರ್ ವಿಡಿಯೊ. ಸೆನ್ಸರಿಗೂ ಅದಕ್ಕೂ ಸಂಬಂಧ ಇಲ್ಲ.

ಹೊಲದ ಬದು

ಮೂರು ದಿನ ಹೊಲದಲ್ಲಿ ಇದ್ದು ಈಗ ಬರೆಯುತ್ತಿದ್ದೇನೆ.

ಗಾರ್ಡ್ ತೆಗೆದೆ. ಟಾರ್ಚ್ ಪರೀಕ್ಷೆ ಮಾಡಿದೆ. ಗಾರ್ಡ್ ಇದ್ದಾಗ ಟಾರ್ಚ್ ಹಿಡಿದರೂ ಪಟ್ಟಿ ಮುಕ್ಕಾಲಿನ ಹತ್ತಿರ ನಿಲ್ಲುತ್ತಿತ್ತು, ತೆಗೆದ ಮೇಲೆ ಪೂರ್ತಿ ಬಲಕ್ಕೆ ಹೋಯಿತು. ಸೆನ್ಸರ್ ಕ್ಯಾಮೆರಾ ರಂಧ್ರದ ಬಲಕ್ಕೆ ಒಂದು ಬೆರಳಷ್ಟು ದೂರದಲ್ಲಿದೆ. ನಾನು ಫೋನ್ ಅಡ್ಡ ಹಿಡಿದು ಫೋಟೊ ಹೊಡೆಯುವಾಗ ನನ್ನ ಹೆಬ್ಬೆರಳು ಸರಿಯಾಗಿ ಅದರ ಮೇಲೇ ಕೂರುತ್ತಿತ್ತು! ಈಗ ಬೆರಳು ಕೆಳಗೆ ಹಿಡಿಯುತ್ತೇನೆ.

ಮೊದಲ ದಿನ 11 ಗಂಟೆವರೆಗೆ ಚೆನ್ನಾಗಿ ಕಂಡಿತು. 12 ದಾಟಿದ ಮೇಲೆ ಮಂಕಾಯಿತು. ಎರಡು ಚಕ್ರ ಅವರಿಗೆ ಹೇಳಿದ್ದು ನೆನಪಾಗಿ ಮುಟ್ಟಿ ನೋಡಿದೆ, ಹಿಂಬದಿ ಕಾದ ಹಂಚಿನ ಹಾಗಿತ್ತು. ಹೊಲದಿಂದ ಹೊಲಕ್ಕೆ ನಡೆಯುವಾಗ ಸ್ಕ್ರೀನ್ ಆರಿಸಿ, ಅಂಗಿ ಜೇಬಲ್ಲಿ ಇಡದೆ ಚೀಲದ ಒಳಗೆ ಒದ್ದೆ ಮಾಡದ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಎರಡನೆಯ ದಿನ 1 ಗಂಟೆವರೆಗೂ ಇಳಿಯಲಿಲ್ಲ.

ಡಾರ್ಕ್ ಮೋಡ್ ಕೂಡ ತೆಗೆದೆ. ಬ್ಯಾಟರಿ ಉಳಿಯುತ್ತದೆ ಅಂತ ಹಾಕಿಕೊಂಡಿದ್ದೆ. ಬಿಸಿಲಲ್ಲಿ ಕಪ್ಪು ಹಿನ್ನೆಲೆಯ ಮೇಲೆ ನನ್ನ ಮುಖವೇ ಕಾಣುತ್ತದೆ, ಬಿಳಿ ಹಿನ್ನೆಲೆಯಲ್ಲಿ ಅಕ್ಷರ ಕಾಣುತ್ತದೆ.

ಸ್ಕ್ರೂಡ್ರೈವರ್

ಬಲೇ. ಒಂದು ಸೇರಿಸುತ್ತೇನೆ. ಬಿಸಿಲಿಗೆ ಬೆನ್ನು ಮಾಡಿ ನಿಲ್ಲೋದಕ್ಕಿಂತ, ಸ್ಕ್ರೀನಿನಲ್ಲಿ ನಿಮ್ಮ ಅಂಗಿ ಪ್ರತಿಫಲಿಸುವ ಹಾಗೆ ಎದೆಗೆ ಹತ್ತಿರ ಹಿಡಿಯಿರಿ. ಬಿಳಿ ಅಂಗಿ ಬೇಡ, ಗಾಢ ಬಣ್ಣದ್ದಿರಲಿ. ಹೊಸ ಗಾರ್ಡ್ ಹಾಕಿಸುವುದಾದರೆ ಪೂರ್ತಿ ಅಂಟಿನದು, ಅಂಚು ಪಾರದರ್ಶಕ ಇರುವುದು ಕೇಳಿ.

ಎರಡು ಚಕ್ರ

ನನ್ನದೂ ಹೇಳಿಬಿಡುತ್ತೇನೆ. ಕವರ್ ತೆಗೆದೆ, ಮಧ್ಯಾಹ್ನ ಚಾರ್ಜರ್ ತೆಗೆದೆ. ಹತ್ತು ನಿಮಿಷಕ್ಕೆ ಮಂಕಾಗುತ್ತಿದ್ದುದು ಈಗ ಅರ್ಧ ಗಂಟೆ ತಡೆಯುತ್ತದೆ. ಪೂರ್ತಿ ಹೋಗಿಲ್ಲ. ಮೇಲೆ ಹೊದಿಕೆ ಇರುವ ಸ್ಟ್ಯಾಂಡ್ ಎಸ್‌ಪಿ ರೋಡಲ್ಲಿ ಹುಡುಕಬೇಕು.

ನೆರೆಮನೆ

ಹೊಲದ ಬದು ಅವರಿಗೆ ಸೆನ್ಸರ್ ಕೆಟ್ಟಿದ್ದು ಅಂತ ಆಗಿದ್ದರೆ, ಅಂಗಡಿಯವರು "ಸರಿ ಇದೆ" ಅಂದರೆ ಏನು ಮಾಡಬೇಕಿತ್ತು? ನನ್ನ ತಂಗಿಗೆ ಹಾಗೇ ಆಗಿದೆ. ಗಾರ್ಡ್ ಇಲ್ಲ, ಟಾರ್ಚ್ ಹಿಡಿದರೂ ಅಲುಗಾಡಲ್ಲ.

ಸ್ಕ್ರೂಡ್ರೈವರ್

ಟಾರ್ಚ್ ಪರೀಕ್ಷೆಯನ್ನು ಇನ್ನೊಂದು ಫೋನಲ್ಲಿ ವಿಡಿಯೊ ಮಾಡಿ. ಅಂಗಡಿಗಲ್ಲ, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ. ಜಾಬ್ ಶೀಟ್ (ನಿಮ್ಮ ದೂರು ಬರೆದು ಕೊಡುವ ಚೀಟಿ) ಬರೆಸಿಕೊಳ್ಳದೆ ಬರಬೇಡಿ. ಅದರಲ್ಲಿ "ಆಟೊ ಬ್ರೈಟ್‌ನೆಸ್ ಕೆಲಸ ಮಾಡುತ್ತಿಲ್ಲ" ಅಂತ ನಿಮ್ಮ ಮಾತಲ್ಲೇ ಇರಬೇಕು. ಅವರೂ ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಿಲ್ಲು ಮತ್ತು ಜಾಬ್ ಶೀಟ್ ಕೈಯಲ್ಲಿಟ್ಟುಕೊಂಡು.

ನೆರೆಮನೆ

ನಾಳೆಯೇ ಹೋಗುತ್ತೇವೆ.

ರಾತ್ರಿಪಾಳಿ

ಪಟ್ಟಿ ಮುಕ್ಕಾಲಿಗೆ ಇಟ್ಟು ಎಕ್ಸ್‌ಟ್ರಾ ಡಿಮ್ ಹಾಕಿ ಎರಡು ಪಾಳಿ ಮುಗಿಸಿದೆ. ಹಣೆ ನೋವು ತೀರಾ ಕಡಿಮೆ. ನಿನ್ನೆ ಇರಲೇ ಇಲ್ಲ.

ಹೊಲದ ಬದು

ನಾಳೆ ಇನ್ನು 14 ಸರ್ವೆ ನಂಬರ್ ಉಳಿದಿವೆ, ಬೆಳಿಗ್ಗೆ 6ಕ್ಕೇ ಹೊರಡುತ್ತೇನೆ. ಪಕ್ಕದ ಹಳ್ಳಿಯಲ್ಲಿ ಇದೇ ಕೆಲಸ ಮಾಡುವ ಹುಡುಗನ ಹತ್ತಿರ ಇದೇ ಮಾಡೆಲ್, ಅದೇ ಕಪ್ಪು ಅಂಚಿನ ಗಾರ್ಡ್. ಇವತ್ತು ಬೇವಿನ ಮರದ ಕೆಳಗೆ ಕೂತು ಅವನದನ್ನೂ ನಾನೇ ಬಿಚ್ಚಿದೆ.